ಗಾಂಜಾ ನಶೆ ಏರಿ ಒದ್ದಾಡುವವರನ್ನು ನೋಡಿಕೊಳ್ಳುವುದು ಹೇಗೆ

ಹೋಳಿಯ ಭಂಗಿ ಕುಡಿದೋ, ‘ಹೈಬ್ರಿಡ್ ಮಾಲು’ ಸೇದಿಯೋ ಯಾರಾದರೂ ಎದೆ ಹಿಡಿದುಕೊಂಡು ‘ನಾ ಸಾಯ್ಲಿಕತ್ತೀನಿ’ ಅಂದರೆ ಮೊದಲು ಕೇಳಬೇಕಾದದ್ದು ಎರಡು: ಸೇದಿದ್ದೋ, ಹೊಟ್ಟೆಗೆ ಹೋದದ್ದೋ? ಎಷ್ಟು ಹೊತ್ತಾಯಿತು?

ಸೇದಿದ್ದು ಕೆಲವೇ ನಿಮಿಷಕ್ಕೆ ಏರುತ್ತದೆ, 2ರಿಂದ 4 ಗಂಟೆಯಲ್ಲಿ ಇಳಿಯುತ್ತದೆ. ತಿಂದದ್ದು, ಕುಡಿದದ್ದು ಏರಲಿಕ್ಕೇ ಅರ್ಧದಿಂದ 2 ಗಂಟೆ ಬೇಕು. 6–8 ಗಂಟೆ ಇರುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಯಕೃತ್ತು ಟಿಎಚ್‌ಸಿಯನ್ನು (ಗಾಂಜಾದಲ್ಲಿ ನಶೆ ಏರಿಸುವ ಅಂಶ) ಮತ್ತಷ್ಟು ಬಿರುಸಾದ ರೂಪಕ್ಕೆ ತಿರುಗಿಸುವುದರಿಂದ ಅಮಲೂ ಜೋರು. ಮುಕ್ಕಾಲು ಗಂಟೆ ಕಾದು ‘ಏರಲೇ ಇಲ್ಲ’ ಎಂದು ಇನ್ನೊಂದು ಗ್ಲಾಸು ಕುಡಿದವರಿಗೆ ಎರಡೂ ಒಟ್ಟಿಗೆ ಏರುತ್ತವೆ. ಹೆಚ್ಚಿನವರು ಕೆಡುವುದು ಹೀಗೆ.

ಹೈಬ್ರಿಡ್ ಎಂಬ ಹೆಸರನ್ನು ನಂಬಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಹೆಸರಾದ ಬ್ಲೂ ಡ್ರೀಮ್ ತಳಿ ಬ್ಲೂಬೆರಿ ಮತ್ತು ಹೇಜ್ ಎಂಬ ಗಾಂಜಾ ತಳಿಗಳ ಬೆರಕೆ. ಮೈಗೆ ಹಗುರ, ಮನಸ್ಸಿಗೆ ಹುರುಪು ಎಂದು ಹೊಗಳುತ್ತಾರೆ. ಆದರೆ ಅದರ ಟಿಎಚ್‌ಸಿ ಶೇ 20ರ ಆಸುಪಾಸು, ಹೊಸಬರಿಗೆ ಗಾಬರಿ ಹುಟ್ಟಿಸಲು ಸಾಕು. ಬೀದಿಯ ಪೊಟ್ಟಣದಲ್ಲಿರುವ ತಳಿ ಯಾವುದೆಂದು ಕಣ್ಣಿಗೆ ತಿಳಿಯುವುದೇ ಇಲ್ಲ.

ಕಣ್ಣು ಕೆಂಪು, ಬಾಯಿ ಒಣಗುವುದು, ನಾಡಿ ನಿಮಿಷಕ್ಕೆ 20–50 ಬಡಿತ ಹೆಚ್ಚುವುದು, ಭಯ, ಹೊತ್ತೇ ಸರಿಯದಂತೆ ಅನಿಸುವುದು – ಇವು ಗಾಂಜಾದ್ದೇ ಲಕ್ಷಣ. ಗದ್ದಲವಿಲ್ಲದ ಕೋಣೆಯಲ್ಲಿ ಫ್ಯಾನ್ ಕೆಳಗೆ ಕೂರಿಸಿ ಅಥವಾ ಮಲಗಿಸಿ. ನಮ್ಮ ಕಡೆಯ ಬ್ಯಾಸಿಗಿಯಲ್ಲಿ ಮಾಳಿಗೆ ಮೇಲೆ ಬಿಡಲೇಬಾರದು. ತಟ್ಟನೆ ಎದ್ದರೆ ಬಿಪಿ ಇಳಿದು ಬೀಳುತ್ತಾರೆ. ಶೌಚಕ್ಕೆ ಹೋಗುವಾಗ ತೋಳು ಹಿಡಿಯಿರಿ. ನೀರು, ತೆಳು ಮಜ್ಜಿಗೆ ಗುಟುಕು ಗುಟುಕಾಗಿ ಕೊಡಿ. ಚಹಾ, ಕಾಫಿ ಬೇಡ, ಎದೆಬಡಿತ ಇನ್ನೂ ಏರುತ್ತದೆ. ಲಿಂಬೆರಸ, ಹುಣಸೆನೀರು ನಶೆ ಇಳಿಸುತ್ತವೆ ಎಂಬ ನಂಬಿಕೆ ಬಲವಾಗಿದೆ. ಎಚ್ಚರ ಇದ್ದವರು ಕುಡಿದರೆ ತೊಂದರೆಯಿಲ್ಲ, ಆದರೆ ಅದಕ್ಕೇ ಕಾದು ಕೂರಬೇಡಿ. ತೂಕಡಿಸುವವರ ಬಾಯಿಗೆ ಏನನ್ನೂ ಹುಯ್ಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ತಪ್ಪು. ತಾನಾಗಿ ವಾಂತಿಯಾದರೆ ಎಡಮಗ್ಗುಲಿಗೆ ಮಲಗಿಸಿ.

ಇಷ್ಟರ ನಡುವೆ ಕಣ್ಣಿನ ಪಾಪೆ ನೋಡುವುದನ್ನು ಮರೆಯಬೇಡಿ. ಭಂಗಿಗೆ ದತ್ತೂರಿ ಬೀಜ ಬೆರೆಸುವ ಕೆಟ್ಟ ಚಾಳಿ ಇದೆ. ಪಾಪೆ ತೀರಾ ಅಗಲವಾಗಿ, ಮೈ ಬಿಸಿಯಾಗಿ ಬೆವರಿಲ್ಲದೆ ಒಣಗಿ, ಮಾತು ತಡಬಡಿಸಿ, ಮೂತ್ರ ಕಟ್ಟಿದರೆ ಅದು ಬರೀ ಗಾಂಜಾ ಅಲ್ಲ, ವಿಷ. ಆಗ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ (ಸಾರಾಯಿ, ನಿದ್ದೆಮಾತ್ರೆ ಕೂಡಿರಬಹುದು), ಎದೆನೋವು, ಫಿಟ್ಸ್ ಬಂದರೂ ತಕ್ಷಣ 108ಕ್ಕೆ ಕರೆ ಮಾಡಿ. ಚಿಕ್ಕ ಮಗು ಒಂದು ಚೂರು ತಿಂದಿದ್ದರೂ ಲಕ್ಷಣಕ್ಕಾಗಿ ಕಾಯದೆ ಹೊರಡಿ. ಮಕ್ಕಳು ಪೂರಾ ಪ್ರಜ್ಞೆ ತಪ್ಪಬಹುದು. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ಆಸ್ಪತ್ರೆಗಳಿವೆ.

ಪೊಲೀಸ್ ಭಯಕ್ಕೆ ‘ಊಟ ಕೆಟ್ಟಿತು’ ಎಂದು ಡಾಕ್ಟರ್‌ಗೆ ಸುಳ್ಳು ಹೇಳಿದರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯಡಿ ಗಾಂಜಾ ಸೇವನೆ ಅಪರಾಧ ನಿಜ, 6 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೂ ಏನು, ಎಷ್ಟು, ಯಾವಾಗ ಎಂಬುದನ್ನು ಅವರಿಗೆ ಇದ್ದದ್ದು ಇದ್ದಂತೆ ಹೇಳಿ. ಮಿಕ್ಕ ಪೊಟ್ಟಣ, ಗ್ಲಾಸು ಇದ್ದರೆ ತೋರಿಸಿ.

ನಶೆ ಇಳಿದರೂ ಮಾರನೆಯ ದಿನದವರೆಗೆ ಬೈಕ್ ಕೀಲಿ ಕೊಡಬೇಡಿ. ಒಂದು ದಿನ ಕಳೆದರೂ ಸಂಶಯ, ಕಿವಿಯಲ್ಲಿ ದನಿ ಕೇಳುವುದು, ನಿದ್ದೆ ಬಾರದಿರುವುದು ಉಳಿದರೆ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.