ಎಕ್ಸ್‌ರೇ ಫಿಲ್ಮು ಕತ್ತರಿಸಿ ಮಾಡಿದ ಮುಖಪುಟ

ಶಿರಸಿಯಲ್ಲಿ ಕೂತು ಪುಸ್ತಕಗಳ ಮುಖಪುಟ, ಒಳಪುಟ ಎರಡನ್ನೂ ಮಾಡಿಕೊಡುವುದು ನನ್ನ ಕೆಲಸ. ಕವನ ಸಂಕಲನ, ಅರ್ಥಧಾರಿಗಳ ಅಭಿನಂದನಾ ಗ್ರಂಥ, ಶಾಲೆಯ ಸ್ಮರಣ ಸಂಚಿಕೆ, ಇಂಥವೇ ಜಾಸ್ತಿ. ಬಜೆಟ್ ಮಾತ್ರ ಕೇಳಬೇಡಿ.

ಈ ಕೆಲಸದಲ್ಲಿ ನಾನು ಗುರು ಅಂದುಕೊಂಡಿದ್ದು ಅಮೆರಿಕದ ಡಬ್ಲ್ಯು.ಎ. ಡ್ವಿಗಿನ್ಸ್‌ನನ್ನು (1880–1956). ಅಕ್ಷರ ವಿನ್ಯಾಸ, ಪುಸ್ತಕ ವಿನ್ಯಾಸ, ಚಿತ್ರ, ಬರಹ, ಸಾಲದ್ದಕ್ಕೆ ಸೂತ್ರದ ಗೊಂಬೆ ಕೆತ್ತಿ ಆಡಿಸುವುದು. ಎಲ್ಲಾ ಒಬ್ಬನೇ! ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಯಿತು. ಆಗ ದುಡ್ಡು ತರುತ್ತಿದ್ದ ಜಾಹೀರಾತು ಕೆಲಸ ಬಿಟ್ಟು ಪುಸ್ತಕಗಳ ಕಡೆ ತಿರುಗಿದ. ಬಾಸ್ಟನ್ ಪಕ್ಕದ ಹಿಂಗಮ್ ಎಂಬ ಸಣ್ಣ ಊರಲ್ಲೇ ಇದ್ದುಕೊಂಡು ನ್ಯೂಯಾರ್ಕಿನ ಕ್ನಾಫ್ ಪ್ರಕಾಶನಕ್ಕೆ ನೂರಾರು ಪುಸ್ತಕ ಮಾಡಿಕೊಟ್ಟ. ಬೆಂಗಳೂರಿಗೆ ಹೋಗದಿದ್ದರೆ ಈ ಕೆಲಸ ಆಗಲ್ಲ ಅನ್ನುವವರಿಗೆ ಇದನ್ನೇ ಹೇಳುತ್ತೇನೆ.

ಆತ ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್ಕಿನಂಥ ಹಾಳೆಯಲ್ಲಿ ಎಸಳು, ಚುಕ್ಕಿ, ಬಾಗಿದ ಗೆರೆಯಂಥ ಸಣ್ಣ ಆಕಾರಗಳನ್ನು ತೂತಾಗಿ ಕತ್ತರಿಸಿ ಸ್ಟೆನ್ಸಿಲ್ ಮಾಡಿ ಇಟ್ಟುಕೊಳ್ಳುತ್ತಿದ್ದ. ಅವನ್ನೇ ತಿರುಗಿಸಿ, ಮಗುಚಿ, ತೂತಿನ ಮೂಲಕ ಬಣ್ಣವನ್ನು ಒಂದರ ಪಕ್ಕ ಒಂದು ಒತ್ತಿ ಅಲಂಕಾರ ಕಟ್ಟುತ್ತಿದ್ದ. ನನಗೆ ಸಿಕ್ಕಿದ್ದು ಹಳೇ ಎಕ್ಸ್‌ರೇ ಫಿಲ್ಮು. ಬ್ಲೀಚಿಂಗ್ ನೀರಿನಲ್ಲಿ ನೆನೆಸಿ ಉಜ್ಜಿದರೆ ಕಪ್ಪೆಲ್ಲ ಬಿಟ್ಟು ಆಚೆ ಕಾಣುವ ಹಾಳೆಯಾಗುತ್ತದೆ. ಕೈಗೆ ಗ್ಲೌಸ್ ಬೇಕು. ಕೆಳಗೆ ಗಾಜು, ಮೇಲೆ ಹೊಸ ಬ್ಲೇಡು. ತಿರುವು ಬಂದಲ್ಲಿ ಬ್ಲೇಡನ್ನು ಹಾಗೇ ಹಿಡಿದು ಹಾಳೆಯನ್ನು ತಿರುಗಿಸಬೇಕು, ಆಗ ಅಂಚು ಚೊಕ್ಕ ಬರುತ್ತದೆ. ಪೋಸ್ಟರ್ ಬಣ್ಣ ಗಟ್ಟಿಯಾಗಿರಲಿ. ಸ್ಪಂಜಿನಲ್ಲಿ ತೆಗೆದು ಮೊದಲು ರದ್ದಿ ಕಾಗದಕ್ಕೆ ಒತ್ತಿ, ಆಮೇಲೆ ಮೇಲಿನಿಂದ ನೇರ ತಟ್ಟಬೇಕು. ಎಳೆದರೆ ಬಣ್ಣ ಅಂಚಿನಡಿ ನುಗ್ಗುತ್ತದೆ. ಒಂದು ಒತ್ತು ಗಾಢ, ಇನ್ನೊಂದು ತೆಳು ಆಗುತ್ತದಲ್ವಾ? ಅದನ್ನು ಕಂಪ್ಯೂಟರಿನಲ್ಲಿ ಸರಿಮಾಡಲು ಹೋಗುವುದಿಲ್ಲ. 600 ಡಿಪಿಐಗೆ ಸ್ಕ್ಯಾನ್ ಮಾಡಿ ಹಾಗೇ ಬಿಡುತ್ತೇನೆ.

ಬಣ್ಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ನಮ್ಮ ಮಾರಿಕಾಂಬಾ ದೇವಸ್ಥಾನದಲ್ಲಿ ಕಾವಿ ಚಿತ್ರಗಳಿವೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿ ಇರುವಾಗಲೇ ಕೆರೆದು ಅಡಿಯ ಬಿಳಿ ತೆಗೆಯುವ ಕಲೆ ಅದು. ಒಂದು ಕೆಂಪು, ಒಂದು ಬಿಳಿ, ಅಷ್ಟೇ. ಮುಖಪುಟಕ್ಕೂ ಅಷ್ಟೇ ಸಾಕು ಅನ್ನಿಸಿತು. ಅಚ್ಚಿಗೆ ಬಣ್ಣಕ್ಕೊಂದು ಪ್ಲೇಟು ಬೇಕಲ್ಲ, ನಾಲ್ಕು ಪ್ಲೇಟಿನ ಜಾಗದಲ್ಲಿ ಒಂದೇ ಪ್ಲೇಟು, ಪ್ರಕಾಶಕರೂ ಖುಷಿ.

ಶೀರ್ಷಿಕೆಯ ಅಕ್ಷರಗಳನ್ನು ಕೈಯಲ್ಲೇ ಕತ್ತರಿಸುತ್ತೇನೆ. ಇಲ್ಲಿ ಡ್ವಿಗಿನ್ಸ್‌ನ ಗೊಂಬೆ ನೆರವಿಗೆ ಬಂತು. ಗೊಂಬೆಯ ಮುಖವನ್ನು ನುಣುಪಾಗಿ ಕೆತ್ತಿದರೆ ದೂರಕ್ಕೆ ಏನೂ ಕಾಣುವುದಿಲ್ಲ, ಚಪ್ಪಟೆ ಮಗ್ಗುಲು, ಚೂಪು ಅಂಚು ಕೊಟ್ಟರೆ ಜೀವ ಬರುತ್ತದೆ ಅಂತ ಆತ ಕಂಡುಕೊಂಡಿದ್ದ. ಅದನ್ನೇ ಪತ್ರಿಕೆಗೆ ಬೇಕಾದ ಸಣ್ಣ ಅಕ್ಷರಗಳಿಗೂ ಹಚ್ಚಿ ನೋಡಿದ. ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಕೂತವರಿಗೆ ಇದೇನು ಹೊಸದಲ್ಲ. ಹತ್ತಿರದಿಂದ ಒರಟಾಗಿ ಕಾಣುವ ಮುಖವರ್ಣಿಕೆಯೇ ರಂಗಸ್ಥಳದಲ್ಲಿ ಎದ್ದು ಕಾಣುವುದು. ನಾನೂ ನಮ್ಮ ದುಂಡು ಅಕ್ಷರದ ಒಳತಿರುವನ್ನು ಎರಡು ನೇರ ಕೊಯ್ತದಲ್ಲಿ ಮುಗಿಸುತ್ತೇನೆ.

ಒಳಪುಟದಲ್ಲಿ ಒತ್ತಕ್ಷರದ್ದೇ ಗಲಾಟೆ. 'ರಾಷ್ಟ್ರ', 'ಸ್ತ್ರೀ' ಬಂದರೆ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಾಗಾಗಿ 12 ಪಾಯಿಂಟ್ ಅಳತೆಯ ಅಕ್ಷರಕ್ಕೆ 18 ಪಾಯಿಂಟಿನ ಸಾಲಂತರ ಇಡುತ್ತೇನೆ. ಪುಟ ಜಾಸ್ತಿ ಆಗುತ್ತದೆ ಅಂತ ಪ್ರಕಾಶಕರು ಗೊಣಗುತ್ತಾರೆ. ಪ್ರೆಸ್ಸಿನಲ್ಲಿ ಒಟ್ಟಿಗೆ ಅಚ್ಚಾಗುವ ಒಂದು ಫಾರಂ ಅಂದರೆ 16 ಪುಟ, ಅದರೊಳಗೆ ಹೊಂದಿಸಿ ತೋರಿಸಿದರೆ ಸುಮ್ಮನಾಗುತ್ತಾರೆ.

ಮಲೆನಾಡಿನ ಮಳೆಗಾಲದಲ್ಲಿ ಕಾಗದ ತೇವ ಎಳೆದು ಸುರುಳಿಯಾಗುತ್ತದೆ. ಅದಕ್ಕೆ ಕಾಗದದ ಎಳೆ, ಅಂದರೆ ನಾರು ಸಾಗುವ ದಿಕ್ಕು, ಪುಸ್ತಕದ ಬೆನ್ನಿನ ಉದ್ದಕ್ಕೇ ಬರಲಿ ಅಂತ ಪ್ರೆಸ್ಸಿನವರಿಗೆ ಮೊದಲೇ ಹೇಳಿರುತ್ತೇನೆ. ಹಿಂಬದಿಯಲ್ಲಿ ಕವಿಗಳ ಸನ್ಮಾನದ ಫೋಟೊ ಬರಲೇಬೇಕು ಅನ್ನುವುದನ್ನು ಮಾತ್ರ ಇನ್ನೂ ತಪ್ಪಿಸಲು ಆಗಿಲ್ಲ.