ಫ್ಲಾರೆನ್ಸಿನ ಒಂದು ಭಾನುವಾರವನ್ನು ಬದಲಿಸಿ ಬರೆದ ಬಗೆ

1478ರ ಏಪ್ರಿಲ್ 26, ಭಾನುವಾರ. ಇಟಲಿಯ ಫ್ಲಾರೆನ್ಸಿನ ಮಹಾದೇವಾಲಯದಲ್ಲಿ ಕ್ರೈಸ್ತರ ಬಲಿಪೂಜೆ ನಡೆಯುತ್ತಿದ್ದಾಗ, ಊರಿನ ಆಡಳಿತವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಬ್ಯಾಂಕು ಒಡೆಯರಾದ ಮೆದಿಚಿ ಮನೆತನದ ಅಣ್ಣತಮ್ಮಂದಿರ ಮೇಲೆ ಕಠಾರಿಗಳು ಎರಗಿದವು. ತಮ್ಮ ಜೂಲಿಯಾನೊ ಅಲ್ಲೇ ಸತ್ತ. ಅಣ್ಣ ಲೊರೆಂಜೊ ಕುತ್ತಿಗೆಗೆ ಸಣ್ಣ ಗಾಯ ಮಾಡಿಕೊಂಡು, ಪೂಜಾಸಾಮಗ್ರಿಯ ಕೋಣೆಗೆ ಓಡಿಹೋಗಿ, ಕಂಚಿನ ಬಾಗಿಲುಗಳ ಹಿಂದೆ ಜೀವ ಉಳಿಸಿಕೊಂಡ. ನಾನು ಬರೆದ ಕಾದಂಬರಿಯಲ್ಲಿ ಸಾಯುವವನು ಅಣ್ಣ, ಉಳಿಯುವವನು ತಮ್ಮ. ಇದನ್ನು ಓದುಗರು ನಂಬುವಂತೆ ಬರೆಯಲು ನನಗೆ ನಾಲ್ಕು ವರ್ಷ ಬೇಕಾಯಿತು. ಅದರಲ್ಲಿ ಮೊದಲ ಎರಡು ವರ್ಷಗಳ ಬರಹವನ್ನು ನಾನು ಇಟ್ಟುಕೊಳ್ಳಲಿಲ್ಲ.

ಆ ಮೊದಲ ಬರಹದಲ್ಲಿ ಮಂತ್ರವಿದ್ಯೆ ಎಲ್ಲೆಂದರಲ್ಲಿ ಕೆಲಸ ಮಾಡುತ್ತಿತ್ತು. ಗೂಢಚಾರರು ಕನ್ನಡಿಯಲ್ಲಿ ದೂರದ ಊರುಗಳನ್ನು ನೋಡುತ್ತಿದ್ದರು, ಕಾರ್ಡಿನಲ್‌ಗಳು ಶತ್ರುಗಳ ನಾಲಿಗೆ ಕಟ್ಟುತ್ತಿದ್ದರು. ಹಸ್ತಪ್ರತಿ ಓದಿದ ಗೆಳತಿಯೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಮಂತ್ರದಿಂದ ಇಷ್ಟೆಲ್ಲ ಆಗುವುದಾದರೆ ಇವರು ಪಿತೂರಿ ಯಾಕೆ ಮಾಡಬೇಕು?" ನನ್ನ ಬಳಿ ಉತ್ತರವಿರಲಿಲ್ಲ. ಸುಮಾರು ಇನ್ನೂರು ಪುಟಗಳನ್ನು ಬದಿಗಿಟ್ಟು, ಆ ಪಿತೂರಿ ನಿಜವಾಗಿ ಯಾಕೆ ನಡೆಯಿತು ಎಂಬುದನ್ನು ಮತ್ತೆ ಮೊದಲಿನಿಂದ ಓದಲು ಕುಳಿತೆ.

ನಾನು ಸಹಕಾರಿ ಬ್ಯಾಂಕೊಂದರಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವನು. ಆದ್ದರಿಂದಲೋ ಏನೋ, ಆ ಓದಿನಲ್ಲಿ ನನ್ನ ಕಣ್ಣು ಮೊದಲು ಹಣದ ಮೇಲೆ ನಿಂತಿತು. ಪೋಪ್ ನಾಲ್ಕನೆಯ ಸಿಕ್ಸ್ಟಸ್ ತನ್ನ ಬಂಧು ಜಿರೊಲಾಮೊ ರಿಯಾರಿಯೊಗಾಗಿ ಇಮೊಲಾ ಎಂಬ ಊರನ್ನು ಸುಮಾರು 40,000 ಚಿನ್ನದ ಡುಕಾಟ್‌ಗಳಿಗೆ ಕೊಳ್ಳಬೇಕೆಂದಿದ್ದ. ತನ್ನ ಗಣರಾಜ್ಯದ ಬಾಗಿಲಲ್ಲೇ ಪೋಪನ ಕಡೆಯವರು ಬಂದು ಕೂರುವುದು ಬೇಡವೆಂದು ಲೊರೆಂಜೊ ಸಾಲ ಕೊಡಲು ಹಿಂಜರಿದ. ಮುಂದೆ ಆ ಪಿತೂರಿ ಹೂಡಿದ, ಅವನ ಪ್ರತಿಸ್ಪರ್ಧಿಗಳಾದ ಪಾತ್ಸಿ ಮನೆತನದ ಬ್ಯಾಂಕು ಹಣ ಒದಗಿಸಿತು. ಅದಾದ ಮೇಲೆ 1474ರಲ್ಲಿ ಪೋಪನ ಖಾತೆ ಮೆದಿಚಿಗಳ ಕೈತಪ್ಪಿ ಪಾತ್ಸಿಗಳ ಪಾಲಾಯಿತು. 1476ರಲ್ಲಿ ಪೋಪನ ತೊಲ್ಫಾ ಗಣಿಗಳ ಪಟಿಕದ ಗುತ್ತಿಗೆಯೂ ಅದೇ ದಾರಿ ಹಿಡಿಯಿತು. ನಾವು ಕೊಡದಲ್ಲಿನ ನೀರನ್ನು ತಿಳಿಯಾಗಿಸಲು ಬಳಸುವ ಅದೇ ಪಟಿಕವಿಲ್ಲದೆ ಉಣ್ಣೆಗೆ ಬಣ್ಣ ಕಚ್ಚುತ್ತಿರಲಿಲ್ಲ. ಫ್ಲಾರೆನ್ಸ್ ಬದುಕುತ್ತಿದ್ದುದೇ ಬಟ್ಟೆಯ ವ್ಯಾಪಾರದಿಂದ. ದೇವಾಲಯದಲ್ಲಿ ಚೆಲ್ಲಿದ ರಕ್ತದ ಹಿಂದೆ ಇಷ್ಟೊಂದು ಜಮಾಖರ್ಚು ಇದೆಯೆಂದು ತಿಳಿದ ಮೇಲೆ, ನನ್ನ ಮಂತ್ರವಿದ್ಯೆಯೂ ಕಿರ್ದಿಗೆ ಬಾರದೆ ನಡೆಯಬಾರದು ಎಂದು ನಿರ್ಧರಿಸಿದೆ.

ಮೆದಿಚಿ ಬ್ಯಾಂಕಿನಲ್ಲಿ ಪಾಲುದಾರರು ಮಾತ್ರ ನೋಡಬಹುದಾಗಿದ್ದ ಗುಪ್ತ ಖಾತೆ ಪುಸ್ತಕಗಳಿದ್ದವು. ಒಂದು ಕಡೆ ಕೊಟ್ಟದ್ದು, ಇನ್ನೊಂದು ಕಡೆ ಬಂದದ್ದು, ಎರಡೂ ತಾಳೆಯಾಗಲೇಬೇಕು. ನನ್ನ ಕಾದಂಬರಿಯಲ್ಲಿ ಅಂಥ ಪುಸ್ತಕಗಳ ಸಾಲಿನಲ್ಲಿ ಇನ್ನೊಂದು ಪುಸ್ತಕವಿದೆ. ಮನೆತನಕ್ಕಾಗಿ ಹಾಡಿದ ಪ್ರತಿಯೊಂದು ಮಂತ್ರವೂ ಅದರಲ್ಲಿ ನಮೂದಾಗುತ್ತದೆ. ಒಬ್ಬನ ನೋವನ್ನು ಇಳಿಸಿದರೆ ಅದು ಬೇರೊಬ್ಬನ ಹೆಸರಿಗೆ ಏರುತ್ತದೆ. ಯಾರ ಹೆಸರಿಗೆ ಎಂಬುದು ಹಾಡುವವನಿಗೂ ಮೊದಲೇ ಗೊತ್ತಾಗುವುದಿಲ್ಲ.

ಮಂತ್ರದ ಬಗೆಯನ್ನು ಹುಡುಕಲು ನಾನು ಹೊರಗೆಲ್ಲೂ ಹೋಗಬೇಕಾಗಲಿಲ್ಲ. ತತ್ವಜ್ಞಾನಿ ಮಾರ್ಸಿಲಿಯೊ ಫಿಚೀನೊ ಅಲ್ಲೇ ಇದ್ದ, ಮೆದಿಚಿಗಳ ಆಶ್ರಯದಲ್ಲಿ ಕರೆಜ್ಜಿಯ ತೋಟದಮನೆಯಲ್ಲಿದ್ದವನು. ಮುದುಕನಾಗಿದ್ದ ಲೊರೆಂಜೊನ ಅಜ್ಜ ಕೋಸಿಮೊ ತಾನು ಸಾಯುವ ಮುನ್ನ ಓದಬೇಕೆಂದು, ಪ್ಲೇಟೋವಿನ ಅನುವಾದವನ್ನು ಪಕ್ಕಕ್ಕಿಡಿಸಿ, ಹರ್ಮಿಸ್‌ನ ಹೆಸರಿನ ಗೂಢವಿದ್ಯೆಯ ಗ್ರೀಕ್ ಗ್ರಂಥಗಳನ್ನು 1463ರಲ್ಲಿ ಮೊದಲು ಅವನಿಂದ ಅನುವಾದ ಮಾಡಿಸಿಕೊಂಡ. ಫಿಚೀನೊ ವೈದ್ಯನ ಮಗ; ತಂತಿವಾದ್ಯ ನುಡಿಸುತ್ತ ಹಳೆಯ ಸ್ತೋತ್ರಗಳನ್ನು ಹಾಡುತ್ತಿದ್ದ. ಸೂರ್ಯನ ಗುಣವುಳ್ಳ ಗಿಡ, ಚಿನ್ನ, ಪರಿಮಳ, ರಾಗಗಳ ಮೂಲಕ ಮನುಷ್ಯನೊಳಗಿನ ಚೈತನ್ಯಕ್ಕೆ ಆಕಾಶದ ಬಲವನ್ನು ತರಬಹುದೆಂಬ ವಿಚಾರವನ್ನು ಅವನು ವಿಸ್ತಾರವಾಗಿ ಬರೆದು ಪ್ರಕಟಿಸಿದ್ದು 1489ರಲ್ಲಿ, ಎಂದರೆ ನನ್ನ ಕಥೆ ನಡೆಯುವ ಹನ್ನೊಂದು ವರ್ಷಗಳ ನಂತರ. ಇದು ತೊಡಕೆಂದು ಮೊದಲು ಅಂಜಿದ್ದೆ. ಬರೆಯುತ್ತ ಹೋದಂತೆ ಅದೇ ಅನುಕೂಲವಾಯಿತು. 1478ರಲ್ಲಿ ಆ ವಿದ್ಯೆ ಇನ್ನೂ ಪುಸ್ತಕವಾಗಿಲ್ಲ, ಬಾಯಿಂದ ಬಾಯಿಗೆ ಸಾಗುತ್ತಿದೆ, ಆದ್ದರಿಂದ ತಪ್ಪಾಗಿ ಕಲಿಯುವ ಶಿಷ್ಯನೊಬ್ಬನಿಗೆ ಜಾಗವಿದೆ.

ಇತಿಹಾಸದಲ್ಲಿ ಒಂದೇ ಒಂದನ್ನು ಬದಲಿಸಬೇಕು, ಉಳಿದದ್ದೆಲ್ಲ ಅದರಿಂದಲೇ ಹುಟ್ಟಬೇಕು ಎಂಬುದು ನನ್ನ ಹಟವಾಗಿತ್ತು. ಆ ಒಂದಕ್ಕಾಗಿ ತಿಂಗಳುಗಟ್ಟಲೆ ಹುಡುಕಿದೆ. ಅದು ಸಿಕ್ಕಿದ್ದು ಆ ಬೆಳಗಿನ ಒಂದು ಸಣ್ಣ ಸಂಗತಿಯಲ್ಲಿ. ಜೂಲಿಯಾನೊಗೆ ಮೈ ಸರಿಯಿರಲಿಲ್ಲ, ಅವನು ಪೂಜೆಗೆ ಬಂದಿರಲಿಲ್ಲ. ಅವನನ್ನು ಕರೆತರಲು ಕೊಲೆಗಾರರಾದ ಫ್ರಾಂಚೆಸ್ಕೊ ದೆ ಪಾತ್ಸಿ ಮತ್ತು ಬೆರ್ನಾರ್ಡೊ ಬಂದೀನಿ ತಾವೇ ಮನೆಗೆ ಹೋದರು. ದಾರಿಯಲ್ಲಿ ಸಲಿಗೆಯಿಂದ ಅಪ್ಪಿಕೊಂಡು, ಅಂಗಿಯೊಳಗೆ ಕವಚವಿಲ್ಲವೆಂದು ಖಚಿತಪಡಿಸಿಕೊಂಡರು. ಲೊರೆಂಜೊನನ್ನು ಕೊಲ್ಲಲು ಒಪ್ಪಿದ್ದ ಯೋಧ ಮೊಂತೆಸೆಕ್ಕೊ ದೇವರ ಮನೆಯಲ್ಲಿ ಆ ಕೆಲಸ ಮಾಡಲಾರೆನೆಂದು ಹಿಂದೆ ಸರಿದಿದ್ದರಿಂದ, ಅದು ಇಬ್ಬರು ಪಾದ್ರಿಗಳ ಪಾಲಿಗೆ ಬಂದಿತ್ತು. ಲೊರೆಂಜೊ ಉಳಿದದ್ದು ಆ ಇಬ್ಬರ ಕೈ ಪಳಗಿರದಿದ್ದುದರಿಂದ.

ಹಾಗಾದರೆ ಜೂಲಿಯಾನೊ ಹಾಸಿಗೆಯಿಂದ ಏಳದಿದ್ದರೆ? ಪಿತೂರಿಯ ಸುದ್ದಿ ಆಗಲೇ ಬಹಳ ಜನರಿಗೆ ತಿಳಿದಿತ್ತು, ಇನ್ನು ಮುಂದೂಡುವಂತಿರಲಿಲ್ಲ. ಫ್ರಾಂಚೆಸ್ಕೊ ಮತ್ತು ಬಂದೀನಿಯ ಕಠಾರಿಗಳು ಲೊರೆಂಜೊನ ಕಡೆಗೇ ತಿರುಗುತ್ತವೆ, ಅವನು ಕಂಚಿನ ಬಾಗಿಲು ತಲುಪುವುದಿಲ್ಲ. ಈ ವಾಕ್ಯವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾದಂಬರಿಯಲ್ಲಿ ಫಿಚೀನೊನ ಶಿಷ್ಯನೊಬ್ಬ ಯಾವ ದುರುದ್ದೇಶವೂ ಇಲ್ಲದೆ, ಕಾಲುನೋವಿನಿಂದ ನರಳುತ್ತಿದ್ದ ಜೂಲಿಯಾನೊಗೆ ನಿದ್ದೆ ಬರಲೆಂದು ಹಾಡುತ್ತಾನೆ. ತಮ್ಮನ ನಿದ್ದೆ ಎಡಗಡೆಯ ಪುಟದಲ್ಲಿ ನಮೂದಾಗುತ್ತದೆ. ಬಲಗಡೆಯ ಪುಟದಲ್ಲಿ ಅಣ್ಣನ ಹೆಸರು ಬರುತ್ತದೆ.

ಬಹಳ ಇಷ್ಟಪಟ್ಟ ಒಂದು ದೃಶ್ಯವನ್ನು ಕೈಬಿಡಬೇಕಾಯಿತು. ಸುಮಾರು 1475ರಲ್ಲಿ ತೊಸ್ಕನೆಲ್ಲಿ ಎಂಬ ವಿದ್ವಾಂಸ ಅದೇ ದೇವಾಲಯದ ಗುಮ್ಮಟದ ತುದಿಯಲ್ಲಿ ತೂತಿರುವ ಕಂಚಿನ ಫಲಕವನ್ನು ಇಡಿಸಿದ್ದ; ಸುಮಾರು 90 ಮೀಟರ್ ಎತ್ತರದಿಂದ ಬಿಸಿಲಿನ ಬಿಲ್ಲೆಯೊಂದು ನೆಲದ ಮೇಲೆ ಬೀಳುತ್ತದೆ. ಕೊಲೆಯ ಕ್ಷಣದಲ್ಲಿ ಆ ಬೆಳಕು ಲೊರೆಂಜೊನ ಕಾಲ ಬಳಿ ಬಿದ್ದಿತೆಂದು ಆವೇಶದಿಂದ ಬರೆದಿದ್ದೆ. ಆಮೇಲೆ ತಿಳಿಯಿತು, ಬೆಳಕು ನೆಲ ಮುಟ್ಟುವುದು ಜೂನ್ ತಿಂಗಳ ದೀರ್ಘ ಹಗಲಿನ ಹಿಂದುಮುಂದಿನ ಕೆಲವು ವಾರಗಳಲ್ಲಿ ಮಾತ್ರ. ಅಂದಿನ ಏಪ್ರಿಲ್ 26ಕ್ಕೆ ಇಂದಿನ ಪಂಚಾಂಗದ ಲೆಕ್ಕದಲ್ಲಿ ಒಂಬತ್ತು ದಿನ ಸೇರಿಸಿದರೂ ಮೇ 5 ಆಗುತ್ತದೆ. ಸೂರ್ಯ ಇನ್ನೂ ಅಷ್ಟು ಮೇಲೇರಿರುವುದಿಲ್ಲ. ಮಂತ್ರ ಸುಳ್ಳಾಗಿರಬಹುದು, ಸೂರ್ಯ ಸುಳ್ಳಾಗಬಾರದು. ಆ ಆರು ಪುಟಗಳನ್ನು ತೆಗೆದುಹಾಕಿದೆ.

ಕೊಲೆಯ ನಂತರದ ರಾಜಕಾರಣ ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟ ಭಾಗ. ಫ್ಲಾರೆನ್ಸಿನಲ್ಲಿ ದೊರೆಯಿರಲಿಲ್ಲ. ಎರಡು ತಿಂಗಳಿಗೊಮ್ಮೆ ಚೀಲಗಳಿಂದ ಹೆಸರಿನ ಚೀಟಿ ಎತ್ತಿ ಒಂಬತ್ತು ಮಂದಿಯ ಆಡಳಿತ ಮಂಡಳಿಯನ್ನು ಮಾಡುತ್ತಿದ್ದರು. ಚೀಲಗಳಲ್ಲಿ ಯಾರ ಹೆಸರು ಇರಬೇಕೆಂಬುದನ್ನು ಹಿಡಿತದಲ್ಲಿ ಇಟ್ಟುಕೊಂಡೇ ಮೆದಿಚಿಗಳು ಆಳಿದ್ದು. ಅಣ್ಣ ಸತ್ತ ಮೇಲೆ ಚೀಲಗಳು ಯಾರ ಕೈಯಲ್ಲಿರಬೇಕು? ಲೊರೆಂಜೊನ ಹಿರಿಯ ಮಗನಿಗೆ ಆರು ವರ್ಷ. ವಿಧವೆ ಕ್ಲಾರಿಚೆ ರೋಮಿನ ಒರ್ಸೀನಿ ಮನೆತನದ ಮಗಳು, ತವರಿನವರಿಗೆ ಪೋಪನ ಆಸ್ಥಾನದಲ್ಲಿ ಮಾತಿದೆ. ನಿಜವಾದ ಇತಿಹಾಸದಲ್ಲಿ ಪೋಪ್ ಮತ್ತು ನೇಪಲ್ಸ್ ದೊರೆ ಸೇರಿ ಯುದ್ಧ ಹೂಡಿದಾಗ, 1479ರ ಡಿಸೆಂಬರಿನಲ್ಲಿ ಲೊರೆಂಜೊ ತಾನೇ ನೇಪಲ್ಸಿಗೆ ಹೋಗಿ ಸಂಧಿ ಕುದುರಿಸಿದ. ಆ ಮಾತುಗಾರಿಕೆ ಜೂಲಿಯಾನೊನಲ್ಲಿ ಇಲ್ಲ. ನನ್ನ ಕಥೆಯಲ್ಲಿ ರಾಯಭಾರ ಕ್ಲಾರಿಚೆಯದಾಗುತ್ತದೆ.

ಭಾಷೆಯ ಕಷ್ಟ ಬೇರೆಯೇ ಇತ್ತು. 'ಮಾಟ' ಎಂದೊಡನೆ ನಿಂಬೆಹಣ್ಣು, ಕುಂಕುಮ ಕಣ್ಣಿಗೆ ಕಟ್ಟುತ್ತವೆ. 'ಯಂತ್ರ' ಎಂದರೆ ತಾಮ್ರದ ತಗಡು. ಆಕಾಶದ ಬಲ ಹಿಡಿಯಲು ಕೆತ್ತುವ ಆಕೃತಿಗೆ ಫಿಚೀನೊ ಬಳಸುವ ಲ್ಯಾಟಿನ್ ಪದ 'ಇಮಾಗೊ'ಗೆ 'ಬಿಂಬ' ಎಂಬುದು ಸರಿಯಾಗಿ ಕೂತಿತು. ಅವನ ಚೈತನ್ಯವನ್ನು 'ಪ್ರಾಣ' ಎನ್ನಲು ಮನಸ್ಸಾಯಿತು, ಆದರೆ ಅದರ ಬೆನ್ನಿಗೆ ಯೋಗಶಾಸ್ತ್ರವೆಲ್ಲ ಬಂದುಬಿಡುತ್ತದೆ. 'ಉಸಿರು' ಎಂದು ಸರಳವಾಗಿ ಬರೆದೆ. ಸಂಬೋಧನೆಯಲ್ಲಿ ಮಾತ್ರ ಕನ್ನಡವನ್ನು ಬಿಟ್ಟುಕೊಡಲಿಲ್ಲ. ಜೂಲಿಯಾನೊ ಕ್ಲಾರಿಚೆಯನ್ನು 'ಅತ್ತಿಗೆ' ಎಂದೇ ಕರೆಯುತ್ತಾನೆ. ಆಕೆ ಅವನಿಗೆ 'ನೀನು' ಎನ್ನುತ್ತಿದ್ದವಳು, ಶವಸಂಸ್ಕಾರದ ಮರುದಿನ ಹಿರಿಯರ ಎದುರಿಗೆ ಮೊದಲ ಬಾರಿ 'ನೀವು' ಎನ್ನುತ್ತಾಳೆ. ಮನೆತನದ ಯಜಮಾನಿಕೆ ಬದಲಾದುದನ್ನು ಹೇಳಲು ನನಗೆ ಬೇರೆ ಸಾಲು ಬೇಕಾಗಲಿಲ್ಲ.

ಕೊನೆಯ ಅಧ್ಯಾಯದಲ್ಲಿ, ನೇಪಲ್ಸಿಗೆ ಹೊರಡುವ ಹಿಂದಿನ ರಾತ್ರಿ, ಕ್ಲಾರಿಚೆ ಆ ಗುಪ್ತ ಪುಸ್ತಕವನ್ನು ತೆರೆಯುತ್ತಾಳೆ; ಗಂಡನ ಹೆಸರಿನ ಎದುರು ಮೈದುನನ ನಿದ್ದೆಯನ್ನು ಓದುತ್ತಾಳೆ. ಶಿಷ್ಯನನ್ನು ಕರೆಸಿ, ತನ್ನ ಮಾತಿಗೆ ದೊರೆ ಕಿವಿಗೊಡುವಂತೆ ಒಂದು ಹಾಡು ಹಾಡಲು ಹೇಳುತ್ತಾಳೆ, ಎಡಗಡೆಯ ಪುಟದಲ್ಲಿ ತಾನೇ ಅದನ್ನು ಬರೆಯುತ್ತಾಳೆ. ಬಲಗಡೆಯ ಪುಟವನ್ನು ನಾನು ಖಾಲಿ ಬಿಟ್ಟಿದ್ದೇನೆ. ಈಗ ಬರೆಯುತ್ತಿರುವ ಎರಡನೆಯ ಸಂಪುಟ ಆ ಪುಟದಿಂದ ಶುರುವಾಗುತ್ತದೆ.