ಎಳೆದರೆ ತೆರೆಯುವ ಪೊಟ್ಯಾಸಿಯಂ ಚಾನೆಲ್: ಅಳೆದಾಗಿನ ನನ್ನ ಅನುಭವ

ರಕ್ತ ತುಂಬಿದಾಗ ಹೃದಯದ ಗೋಡೆ ಹಿಗ್ಗುತ್ತದೆ. ಆ ಎಳೆತಕ್ಕೆ ಜೀವಕೋಶದ ಪೊರೆಯಲ್ಲಿರುವ, ಅಯಾನುಗಳನ್ನು (ವಿದ್ಯುದಾವೇಶದ ಕಣಗಳನ್ನು) ಹಾಯಿಸುವ ಕೆಲವು ಚಾನೆಲ್‌ಗಳು ತೆರೆದುಕೊಳ್ಳುತ್ತವೆ. ಅವುಗಳಲ್ಲಿ ಟ್ರೆಕ್-1 ಎಂಬ ಪೊಟ್ಯಾಸಿಯಂ ಚಾನೆಲನ್ನು ನಾನು ಇಲಿಯ ಹೃದಯಕೋಶಗಳಲ್ಲಿ ಪ್ಯಾಚ್ ಕ್ಲ್ಯಾಂಪ್ ವಿಧಾನದಿಂದ, ಅಂದರೆ ತೆಳು ಗಾಜಿನ ಪಿಪೆಟ್ಟನ್ನು ಪೊರೆಗೆ ಬಿಗಿಯಾಗಿ ಅಂಟಿಸಿ ಚಾನೆಲ್ ಮೂಲಕ ಹರಿಯುವ ಕರೆಂಟ್ ನೋಡುವ ಮೂಲಕ, ಅಳೆದೆ.

ಕೋಶಗಳ ನಡುವಿನ ಅಂಟನ್ನು ಕರಗಿಸುವ ಕೊಲಾಜಿನೇಸ್ ಎಂಬ ಕಿಣ್ವ ಹರಿಸಿ ಕೋಶಗಳನ್ನು ಬಿಡಿಸಿಕೊಂಡೆ. ಕ್ಯಾಲ್ಸಿಯಂ ಮರಳಿ ಕೊಟ್ಟ ಮೇಲೂ ಅಲುಗದೆ, ನೀಳವಾಗಿ, ಗೆರೆಗಳು ಸ್ಪಷ್ಟವಾಗಿ ಕಾಣುವ ಕೋಶಗಳನ್ನಷ್ಟೇ ಆರಿಸಿದೆ. ಪಿಪೆಟ್ ಒತ್ತಿ ಸೀಲ್ ಮಾಡಿ, ಆ ತುಂಡು ಪೊರೆಯನ್ನು ಕೋಶದಿಂದ ಕಿತ್ತುಕೊಂಡೆ. ಎರಡೂ ಕಡೆ 140 ಮಿಲಿಮೋಲಾರ್ ಪೊಟ್ಯಾಸಿಯಂ, ವೋಲ್ಟೇಜ್ +60 ಮಿಲಿವೋಲ್ಟ್. ಹೃದಯದಲ್ಲಿ ಬೇರೆ ಪೊಟ್ಯಾಸಿಯಂ ಚಾನೆಲ್‌ಗಳ ಗದ್ದಲ ಜಾಸ್ತಿ. ಪೊರೆಯ ಒಳಬದಿಗೆ (ಕೋಶದೊಳಗಿದ್ದ ಮುಖಕ್ಕೆ) ಮೆಗ್ನೀಸಿಯಂ ಇದ್ದರೆ ಈ ವೋಲ್ಟೇಜಿನಲ್ಲಿ, ಪೊಟ್ಯಾಸಿಯಂ ಅನ್ನು ಹೆಚ್ಚಾಗಿ ಒಳಮುಖವಾಗಿ ಬಿಡುವ ಚಾನೆಲ್‌ಗಳು ಹೆಚ್ಚು ಕಾಟ ಕೊಡುವುದಿಲ್ಲ. ಕೋಶದ ಶಕ್ತಿಯ ಅಣುವಾದ ಎಟಿಪಿ ಕಡಿಮೆಯಾದಾಗ ತೆರೆಯುವ ಚಾನೆಲ್‌ಗಳನ್ನು ಗ್ಲಿಬೆಂಕ್ಲಮೈಡ್ ಎಂಬ ಔಷಧ ಹಾಕಿ ತಡೆದೆ.

ನಿಜವಾದ ಕಷ್ಟ ಒತ್ತಡದ್ದು. ಪಿಪೆಟ್ಟಿನಿಂದ ಗಾಳಿ ಎಳೆದಾಗ ಮಾಪಕ ತೋರಿಸುವುದು ಒತ್ತಡವನ್ನು. ಚಾನೆಲ್‌ಗೆ ತಿಳಿಯುವುದು ಪೊರೆಯ ಬಿಗಿತ. ಒತ್ತಡವನ್ನು ಪೊರೆಯ ಗುಮ್ಮಟದ ತ್ರಿಜ್ಯದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಬಿಗಿತ ಸಿಗುತ್ತದೆ. ಅಂದರೆ 40 ಮಿಲಿಮೀಟರ್ ಪಾದರಸದಷ್ಟು ಎಳೆತ ಚಿಕ್ಕ ಪಿಪೆಟ್ಟಿನಲ್ಲಿ ಒಂದು ಬಗೆ, ದೊಡ್ಡದರಲ್ಲಿ ಇನ್ನೊಂದು ಬಗೆ. ಜೊತೆಗೆ ಸೀಲ್ ಆಗುವಾಗಲೇ ಗಾಜು ಪೊರೆಯನ್ನು ಬಿಗಿ ಮಾಡಿಬಿಟ್ಟಿರುತ್ತದೆ. ಹಾಗಾಗಿ ಒಂದೇ ಅಳತೆಯ ಪಿಪೆಟ್‌ಗಳನ್ನೇ ಬಳಸಿದೆ, ಸೀಲ್ ಆದ ಮೇಲೆ ಸ್ವಲ್ಪ ಕಾದೆ, ಚಿಕ್ಕ ಚಿಕ್ಕ ಎಳೆತಗಳನ್ನು ಏರಿಸುತ್ತಾ ಹೋಗಿ ಕೊನೆಗೆ ಮೊದಲಿನ ಎಳೆತವನ್ನೇ ಮತ್ತೆ ಕೊಟ್ಟೆ. ಉತ್ತರ ಬದಲಾಗಿದ್ದರೆ ಆ ಪೊರೆಯ ಲೆಕ್ಕ ಬಿಟ್ಟೆ. ಎಳೆತ ಹಾಗೇ ಇದ್ದರೂ ಕರೆಂಟ್ ಬೇಗ ಇಳಿಯುತ್ತದೆ, ಆದ್ದರಿಂದ ಅದು ಅತಿ ಹೆಚ್ಚು ಏರಿದಾಗಿನ ಅಳತೆಯನ್ನೇ ಬರೆದುಕೊಂಡೆ.

ಅದು ಟ್ರೆಕ್-1 ತಾನೇ ಅಂತ ಖಾತ್ರಿಯಾಗಬೇಕಲ್ವಾ? ಒಳಬದಿಗೆ ಆಮ್ಲ ಕೊಟ್ಟರೆ ಅದು ಇನ್ನಷ್ಟು ತೆರೆಯುತ್ತದೆ, ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನ ಆಮ್ಲಕ್ಕೂ ಅಷ್ಟೇ. ಎರಡನೆಯದನ್ನು ಕೊನೆಗೆ ಇಟ್ಟುಕೊಳ್ಳಿ. ಪೊರೆಯಲ್ಲಿ ಸೇರಿಕೊಂಡರೆ ತೊಳೆದರೂ ಸುಲಭವಾಗಿ ಹೋಗುವುದಿಲ್ಲ.

ರಕ್ತ ಸಿಗದೆ ಒದ್ದಾಡುವ ಹೃದಯದಲ್ಲೂ ಆಮ್ಲತೆ, ಅರಾಕಿಡೋನಿಕ್ ಆಮ್ಲ ಎರಡೂ ಹೆಚ್ಚುತ್ತವೆ. ಈ ಕೆಲಸ ನನಗೆ ಇಷ್ಟು ಮುಖ್ಯ ಅನಿಸುವುದು ಅದಕ್ಕೇ. ಎಳೆತಕ್ಕೆ ತೆರೆಯುವ ಬೇರೆ ಚಾನೆಲ್‌ಗಳು ಸೋಡಿಯಂ ಒಳಬಿಟ್ಟು ಕೋಶವನ್ನು ಹೊತ್ತಲ್ಲದ ಹೊತ್ತಿನಲ್ಲಿ ಕೆಣಕುತ್ತವೆ. ಪೊಟ್ಯಾಸಿಯಂ ಹೊರಬಿಡುವ ಟ್ರೆಕ್-1 ಅದಕ್ಕೆ ಎದುರಾಗಿ ಎಳೆಯುತ್ತದೆ.

2017ರಲ್ಲಿ ಬಲ ಹೃತ್ಕುಕ್ಷಿಯಿಂದ ವೇಗದ ಬಡಿತ ಹುಟ್ಟುತ್ತಿದ್ದ ರೋಗಿಯೊಬ್ಬರಲ್ಲಿ ಟ್ರೆಕ್-1ರ ಜೀನಿನ ಬದಲಾವಣೆಯೊಂದು ವರದಿಯಾಯಿತು. ಆ ಬದಲಾದ ಚಾನೆಲ್ ಎಳೆತಕ್ಕೆ ಜಾಸ್ತಿ ಸ್ಪಂದಿಸುತ್ತಿತ್ತು, ಸೋಡಿಯಂ ಕೂಡ ಒಳಬಿಡುತ್ತಿತ್ತು. ನನ್ನಂತೆ ಎರಡೂ ಕಡೆ ಬರೀ ಪೊಟ್ಯಾಸಿಯಂ ಇಟ್ಟರೆ ಈ ಸೋರಿಕೆ ಕಾಣುವುದೇ ಇಲ್ಲ. ಅಂಥ ಚಾನೆಲ್ ನೋಡುವವರು ಪಿಪೆಟ್ಟಿಗೆ ಸೋಡಿಯಂ ತುಂಬಿ, ಕರೆಂಟ್ ಯಾವ ವೋಲ್ಟೇಜಿನಲ್ಲಿ ದಿಕ್ಕು ಬದಲಿಸುತ್ತದೆ ಅಂತ ಮೊದಲು ನೋಡಬೇಕು.